ಮಾಲಕರ ಸಹಿ

“ಇನ್ನ ನನ್ನ ಮನ್ಯಾಗ ಕಾಲಿಟ್ಟಿ ಅಂದ್ರ ನೋಡು!” ಎಂದು ಗಂಡ ಅವಳ ಬಟ್ಟೆಗಂಟನ್ನು ಅಂಗಳಕ್ಕೆ ಎಸೆದ. ಹದಿನಾರು ವರ್ಷದಲ್ಲಿ ಇದು ಎಷ್ಟನೆಯ ಸಲವೋ. ಹೋಗಲು ಬೇರೆ ಮನೆಯಿಲ್ಲದ ಅವಳು ಹೊರಗಿನ ಕಟ್ಟೆಯ ಮೇಲೆ ಕುಳಿತಳು.

ಅಷ್ಟರಲ್ಲಿ ಸ್ಮಾರ್ಟ್ ಮೀಟರ್ ಹಾಕುವವನು ಬಂದ. ಗಂಡ ಅವನಿಗೂ ಅಡ್ಡ ನಿಂತ.

“ಗ್ವಾಡಿ ಮುಟ್ಟಬ್ಯಾಡ. ಮನಿ ಮಾಲಕ ಒಲ್ಲೆ ಅಂದ ಮ್ಯಾಲ ಒಂದು ಮೊಳಿ ಸೈತ ಹೊಡ್ಯಾಂಗಿಲ್ಲ. ಕಾಯ್ದೆ ನನಗೂ ಗೊತ್ತೈತಿ!”

“ಒದರಬ್ಯಾಡ್ರಿ. ಮಾಲಕರು ಒಲ್ಲೆ ಅಂತ ಸಹಿ ಮಾಡಿದ್ರ ನಾನು ಹೊಂಟೆ,” ಎಂದು ಅವನು ಕಾಗದ ಚಾಚಿದ.

ಗಂಡ ಗೆದ್ದವನಂತೆ ಸಹಿ ಜಡಿದ. ಮೀಟರಿನವನು ತನ್ನ ಪಟ್ಟಿ ನೋಡಿ ಕಾಗದವನ್ನು ಹಿಂದಕ್ಕೆ ಕೊಟ್ಟ.

“ಇದು ನಡ್ಯಾಂಗಿಲ್ರಿ. ಸರಕಾರದ ಮನಿ ಹೆಣ್ಮಕ್ಕಳ ಹೆಸರಿಲೆ ಕೊಟ್ಟಾರಲ್ರಿ. ಮನಿ, ಮೀಟರ್ ಎರಡೂ ಕಸ್ತೂರೆವ್ವ ಅನ್ನೋರ ಹೆಸರಿಲೆ ಅದಾವು. ಅವರು ಯಾರ್ರಿ?”

ಅವಳಿಗೂ ಅದು ಗೊತ್ತಾದದ್ದು ಆಗಲೇ. ಕಟ್ಟೆಯಿಂದ ಎದ್ದು ಬಂದಳು.

“ನಾನ ರೀ. ಮೀಟರ್ ಹಾಕ್ರಿ. ಹಳೇದನ್ನ ಒಯ್ಯೋ ಮುಂದ ಇವರನ್ನೂ ಕರ್ಕೊಂಡು ಹೋಗ್ರಿ.”