ಮತ್ತೆ ಸೊಟ್ಟಗಾದ ರೆಕ್ಕೆ

"ನೋಡು ನಿನ್ನ ಕೆಲಸ," ಅಂತ ಗಂಡ ರೆಕ್ಕೆ ಎತ್ತಿ ತೋರಿಸಿದರು. ಫೋಮಿನಲ್ಲಿ ತಾವೇ ಮಾಡಿದ ರಿಮೋಟ್ ವಿಮಾನದ ರೆಕ್ಕೆ, ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಬಿಸಿಲಿಗಿಟ್ಟಿದ್ಯಾ?"

"ಇಲ್ಲ. ನೀವು ಹೇಳಿದ ಹಾಗೇ ಸಪಾಟಾದ ಹಲಗೆ ಮೇಲೆ ಮಲಗಿಸಿದ್ದೆ."

"ಮತ್ತೆ ತಾನಾಗೇ ಬಗ್ಗಿತಾ? ಮನೇಲಿ ಇರೋದು ನಾವಿಬ್ಬರೇ."

ಆ ಅಂಟಿನ ವಾಸನೆಗೇ ನನಗೆ ವಾಕರಿಕೆ. ಊಟದ ಮೇಜಿನ ತುಂಬ ಫೋಮಿನ ಚೂರು. ಒಂದೆರಡು ಸಲ ಸಾರಿನಲ್ಲೂ ತೇಲಿದ್ದುಂಟು. ತಂಗಿ ಮಗುವಿನ ನಾಮಕರಣದ ದಿನವೂ ಈ ದರಿದ್ರ ರೆಕ್ಕೆ ಹೀಗೇ ಸೊಟ್ಟಗಾಗಿತ್ತು.

"ಇವತ್ತು ನನ್ನ ತಮ್ಮನ ಮದುವೆ ಮಾತುಕತೆ. ಅಪ್ಪ ಇಲ್ಲದ ಮನೆ. ಹೆಣ್ಣಿನ ಕಡೆಯವರ ಎದುರು ಕೂರೋಕೆ ಭಾವನೇ ಬೇಕು," ಅಂದೆ.

"ಇದನ್ನ ಬಿಸಿ ಮಾಡಿ, ನೆಟ್ಟಗೆ ಬಗ್ಗಿಸಿ, ಆರೋವರೆಗೂ ಹಿಡ್ಕೊಂಡೇ ಕೂರಬೇಕು. ನಾಳೆ ಹಾರಿಸೋದಿದೆ. ನೀನು ಹೋಗಿ ಬಾ. ಹೋಗೋ ಮುಂಚೆ ನಿನ್ನ ಹೇರ್ ಡ್ರೈಯರ್ ತಂದುಕೊಡು, ಈಗ ಶುರು ಮಾಡ್ತೀನಿ."

ಮುಖ ಸಿಂಡರಿಸಿಕೊಂಡೇ ಒಳಗೆ ಹೋಗಿ ಕಪಾಟಿನಿಂದ ಡ್ರೈಯರ್ ತೆಗೆದೆ. ಮೊನ್ನೆ ತಲೆಗೆ ಎರೆದುಕೊಂಡ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಅದರ ಮೂತಿ ಇನ್ನೂ ಬಿಸಿಯಾಗಿತ್ತು.