ದಾರದ ಗಂಟು

ಒಂದಾನೊಂದು ಕಾಲದಲ್ಲಿ ಎನ್ನುವಷ್ಟು ಹಿಂದೇನೂ ಅಲ್ಲ, ಮೊನ್ನೆ ಮೊನ್ನೆ, ಒಂದು ಊರಿನ ಒಂದು ಗಲ್ಲಿಯಲ್ಲಿ ಒಬ್ಬ ರಾಜಕುಮಾರನಿದ್ದ. ರಾಜಕುಮಾರನಿಗೆ ಎರಡೇ ಹಲ್ಲು. ಅವನ ಅಪ್ಪನ ತಂಗಿಯ ಎಡಸೊಂಟವೇ ಅವನ ಸಿಂಹಾಸನ. ಅಲ್ಲಿ ಕೂತರೆ ನಗು. ಇಳಿಸಿದರೆ ಗಲ್ಲಿಗೆ ಗಲ್ಲಿಯೇ ಬಾಗಿಲು ತೆಗೆದು ನೋಡುವಂಥ ಅಳು. ಗಲ್ಲಿಯೋ, ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ನೆಲದ ಕಲ್ಲುಗಳಲ್ಲಿ ಅರ್ಧ ಎದ್ದಿದ್ದವು, ಅರ್ಧ ಹೂತುಹೋಗಿದ್ದವು. ರಾಜಕುಮಾರ ಹುಟ್ಟುವ ಮೊದಲು, ಸೊಂಟಕ್ಕೆ ಇನ್ನೂ ಆ ರುಚಿ ಹತ್ತುವ ಮೊದಲು, ಅತ್ತೆ ಬಾಯಿ ತಪ್ಪಿ ಒಂದು ಮಾತು ಕೊಟ್ಟುಬಿಟ್ಟಿದ್ದಳು: “ಅತ್ತಿಗೆ, ನಿಮ್ಮ ಮಗೂಗೆ ಗಾಡಿ ಆರಿಸಿಕೊಡೋಳು ನಾನೇ.”

ಆ ಮಾತಿಗಾಗಿಯೇ ಈಗ ಅತ್ತಿಗೆ ನಾದಿನಿ ಇಬ್ಬರೂ ಮಕ್ಕಳ ಗಾಡಿಯ ಅಂಗಡಿಯಲ್ಲಿದ್ದರು. ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗಲ್ಲಿಯ ತುದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸುತ್ತಮುತ್ತಲಿನವರಿಗೆಲ್ಲ ಅಂಗಿ ಹೊಲಿಯುವವಳು ಅವಳು. ಒಂದು ಕೈಯಲ್ಲಿ ಸೊಂಟದ ಮೇಲಿನ ಮಗುವನ್ನು ಅವಚಿಕೊಂಡು, ಇನ್ನೊಂದರಲ್ಲಿ ಒಂದು ಬಿಳಿಯ ದಾರವನ್ನು ಪ್ರತಿ ಗಾಡಿಯ ಚಕ್ರಗಳ ನಡುವೆ ಹಿಡಿದು ನೋಡುತ್ತಿದ್ದಳು. ದೀಪದ ಕಂಬಕ್ಕೂ ಎದುರು ಗೋಡೆಗೂ ನಡುವೆ ಗಲ್ಲಿ ಉಸಿರು ಬಿಗಿಹಿಡಿಯುವ ಜಾಗವಿದೆಯಲ್ಲ, ಅಲ್ಲಿಯ ಅಗಲಕ್ಕೆ ದಾರದಲ್ಲಿ ಗಂಟು ಹಾಕಿ ತಂದಿದ್ದಳು.

“ಇದೂ ಆಗಲ್ಲ ಅತ್ತಿಗೆ, ಗಂಟು ದಾಟ್ತು. ಅದಂತೂ ಬೇಡ, ಚಕ್ರ ನೋಡಿ, ಬಳೆ ಇದ್ದಂಗಿದೆ. ನಮ್ಮ ಕಲ್ಲಿನ ಸಂದೀಲಿ ಸಿಕ್ಕಿದ್ರೆ ಗಾಡಿ ಅಲ್ಲೇ, ಮಗು ಮುಂದೆ.”

“ಇದಕ್ಕಿಂತ ಸಣ್ಣದು ಅಂದ್ರೆ ಗೊಂಬೆ ಕೂರಿಸೋ ಗಾಡಿ ಇದೆ, ತೋರಿಸ್ಲಾ?” ಎಂದ ಅಂಗಡಿಯವನು. ಆಮೇಲೆ ವ್ಯಾಪಾರದ ನಗು ತಂದುಕೊಂಡು ಗುಬ್ಬಿಯ ಕಡೆ ಬಾಗಿದ. “ಏನೇ ಹೇಳಿಮ್ಮಾ, ನಿಮ್ಮ ಮಗ ನಿಮ್ಮ ಥರಾನೇ. ಅದೇ ಮೂಗು.”

ಗುಬ್ಬಿ ತಿದ್ದಲಿಲ್ಲ. “ಹೂಂ, ಎಲ್ರೂ ಹಾಗೇ ಅಂತಾರೆ,” ಎಂದು ಮಗುವಿನ ಮೂಗು ಹಿಂಡಿದಳು.

ಬರಿಗೈಯಲ್ಲಿ ನಿಂತಿದ್ದ ಅತ್ತಿಗೆಯ ಮುಖ ಕಾವಲಿಯ ಹಾಗೆ ಕಾಯಿತು. ಗುಬ್ಬಿಯ ಕೈಯಿಂದ ದಾರ ಕಿತ್ತುಕೊಂಡು ತನ್ನ ಸೊಂಟಕ್ಕೆ ಅಡ್ಡ ಹಿಡಿದಳು. ಈ ಬದಿಯಿಂದ ಆ ಬದಿಗೆ ಬರುವಷ್ಟರಲ್ಲಿ ಗಂಟು ಬಂದೇಬಿಟ್ಟಿತು.

“ಗುಬ್ಬೀ, ತುಂಬಿದ ಬಸುರಿ ನಾನು, ಎರಡು ಕೈಲೂ ತರಕಾರಿ ಚೀಲ ಹಿಡ್ಕೊಂಡು ಆ ಕಂಬ ದಾಟಿ ನೆಟ್ಟಗೆ ಬರ್ತಿದ್ದೆ. ಗಲ್ಲಿ ಇಷ್ಟೇ ಅಗಲ ಇದ್ದಿದ್ರೆ ಇವತ್ತಿಗೂ ಕಂಬದ ಆಚೇನೇ ನಿಂತಿರ್ಬೇಕಿತ್ತು.”

ಗುಬ್ಬಿ ಮಗುವನ್ನು ಇನ್ನಷ್ಟು ಮೇಲಕ್ಕೆ ಸರಿಸಿಕೊಂಡಳು.

“ಊರವರ ಅಂಗಿಗೆಲ್ಲ ಹೊಲಿಗೆಗೆ ಇರ್ಲಿ ಅಂತ ಎರಡು ಬೆರಳು ಜಾಸ್ತಿ ಬಿಡೋಳು ನೀನು. ನಮ್ಮ ಗಲ್ಲಿಗೆ ಮಾತ್ರ ಒಂದು ಗೇಣು ಕಮ್ಮಿ ಹಿಡಿದ್ಯಾ?”

“ನೀವೇನು ಮಗು ಸುಖವಾಗಿರ್ಲಿ ಅಂತ ಗಾಡಿ ಕೇಳಿದ್ರಾ?” ಗುಬ್ಬಿ ತಿರುಗಿ ಕೇಳಿದಳು. “ನನ್ನ ಸೊಂಟದಿಂದ ಇಳಿಸೋಕೆ ಕೇಳಿದ್ರಿ.”

“ಹೌದು ಕಣೆ! ಹೆತ್ತವಳು ನಾನು. ನಾನು ಎತ್ಕೊಂಡ ತಕ್ಷಣ ನಿನ್ನ ಕಡೆ ಕೈ ಚಾಚ್ತಾನೆ. ಹೇಗಿರುತ್ತೆ ಗೊತ್ತಾ ನಿಂಗೆ?”

“ಗೊತ್ತು. ಹಾಲು ಕುಡಿಸ್ಬೇಕು ಅಂತ ಇವನನ್ನ ಇಸ್ಕೊಂಡು ಹೋಗಿ ಬಾಗಿಲು ಹಾಕ್ಕೋತೀರಲ್ಲ, ಆಗ ಹೊರಗೆ ನಿಂತವಳಿಗೆ ಹೇಗಿರುತ್ತೋ ಹಾಗೆ.”

ಅಂಗಡಿಯವನು ಇಬ್ಬರ ಮೂಗನ್ನೂ ಸರದಿಯ ಮೇಲೆ ನೋಡಿದ. “ಹಾಗಾದ್ರೆ... ಮಗು ಯಾರ್ದು?”

ಅತ್ತಿಗೆ ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದಳು. ಬಿಚ್ಚಿದ ದಾರವನ್ನು ಗುಬ್ಬಿಯ ಕೈಗೇ ಹಾಕಿ, “ಮಾತು ಕೊಟ್ಟಿದ್ದೀಯ. ಆರಿಸು,” ಎಂದಳು.

ಆಗ ಗುಬ್ಬಿ ನಿಜವಾಗಿ ಆರಿಸತೊಡಗಿದಳು. ಬೆಲ್ಟಿನ ಹೊಲಿಗೆಯನ್ನು ಉಗುರಿನಲ್ಲಿ ಕೆದಕಿ ನೋಡಿದಳು. ಬಟ್ಟೆಯನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದಳು. ಸೀಟಿನ ಮೇಲೆ ಅಂಗಡಿಯವನದೇ ತೂಕದ ಕಲ್ಲು ಹೇರಿ, ಒಡೆದ ಮೆಟ್ಟಿಲಿನ ಮೇಲೆ ಗಾಡಿಗಳನ್ನು ಧಡ್ ಧಡ್ ಎಂದು ಇಳಿಸಿದಳು. ಕೊನೆಗೆ ಮೈ ಸಪೂರವಿದ್ದ, ಗಾಳಿ ತುಂಬಿದ ಮೂರು ದಪ್ಪ ಚಕ್ರಗಳಿದ್ದ ಒಂದರ ಮುಂದೆ ನಿಂತು, ನೋಡಬಾರದ್ದನ್ನು ನೋಡಿದವಳಂತೆ ಮುಖ ತಿರುಗಿಸಿಕೊಂಡು ಹೇಳಿದಳು: “ಇದು.”

ಗಲ್ಲಿಗೆ ಬಂದಾಗ ಮಗು ಗಾಡಿಯಲ್ಲಿತ್ತು. ಹಿಡಿಯ ಒಂದು ತುದಿ ಅತ್ತಿಗೆಯ ಕೈಯಲ್ಲಿ, ಇನ್ನೊಂದು ಗುಬ್ಬಿಯ ಕೈಯಲ್ಲಿ. ಬಿಡಲು ಇಬ್ಬರೂ ತಯಾರಿಲ್ಲ. ಕಂಬದ ಹತ್ತಿರ ಮಾತ್ರ ಗುಬ್ಬಿ ಹಿಂದೆ ಸರಿಯಬೇಕಾಯಿತು. ಗಾಡಿ ತೂರಿಕೊಂಡು ದಾಟಿತು, ಎರಡೂ ಕಡೆ ಹೊಲಿಗೆಗೆ ಬಿಡುವಷ್ಟು ಜಾಗ ಉಳಿಸಿ. ಎದ್ದ ಕಲ್ಲಿನ ಮೇಲೆ ಚಕ್ರ ಹತ್ತಿ ಇಳಿದಾಗಲೆಲ್ಲ ಮಗು ಎರಡೂ ಹಲ್ಲು ತೋರಿಸಿ ಕೇಕೆ ಹಾಕಿತು.

“ನಿನ್ನ ಕಡೆ ನೋಡಿದ್ನಾ?” ಅತ್ತಿಗೆ ಮೆಲ್ಲಗೆ ಕೇಳಿದಳು.

“ಇಲ್ಲ. ನಿಮ್ಮ ಕಡೆ?”

“ಇಲ್ಲ ಕಣೆ.”

ಮನೆ ಬಂತು. ಅತ್ತಿಗೆ ಬೆಲ್ಟು ಬಿಚ್ಚಿ ಎತ್ತಿಕೊಂಡದ್ದೇ ತಡ, ಮಗು ಗಲ್ಲಿ ಬಿರಿಯುವ ಹಾಗೆ ಅಳುತ್ತಾ ಎರಡೂ ಕೈ ಚಾಚಿತು. ಅಭ್ಯಾಸಬಲದಿಂದ ಗುಬ್ಬಿಯ ಎಡಸೊಂಟ ತಾನಾಗಿಯೇ ಪಕ್ಕಕ್ಕೆ ವಾಲಿ ಸಿದ್ಧವಾಯಿತು. ಪುಟ್ಟ ಕೈಗಳು ಅವಳ ಮುಖದ ಪಕ್ಕದಿಂದಲೇ ಹಾದು, ಬಾಗಿಲ ಹೊರಗೆ ನಿಂತಿದ್ದ ಗಾಡಿಯ ಕಡೆಗೆ ಚಾಚಿಕೊಂಡವು.