ಅತ್ತೆ ತೆಗೆದ ಚಿರತೆ

ಉಪ್ಪಿನಕಾಯಿಗೆ ವಿನೆಗರ್ ಸುರಿಯುವಾಗ ಈಗಲೂ ನನಗೆ ದಂಡಿನ ಕ್ಯಾಂಪಿನಲ್ಲಿದ್ದ ನಮ್ಮ ಮನೆಯಲ್ಲಿ ಅತ್ತೆ ಅದೇ ಹುಳಿ ವಾಸನೆಯ ದ್ರಾವಣದಲ್ಲಿ ಫೋಟೊ ತೊಳೆಯುತ್ತಿದ್ದ ಕತ್ತಲೆ ಕೋಣೆಯ ನೆನಪಾಗುತ್ತದೆ.

ಆಕೆ ಅಪ್ಪನ ಅಕ್ಕ. ಊರವರು ಬಂದೂಕು ಹಿಡಿದು ಕಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಕ್ಯಾಮೆರಾ ಹಿಡಿದು ಹೋದವಳು. ಒಮ್ಮೆ ಖಾನಾಪುರದ ಕಾಡಿನಲ್ಲಿ ಬಂಡೆಯ ಮೇಲೆ ಮಲಗಿದ್ದ ಹೆಣ್ಣು ಚಿರತೆಯ ಚಿತ್ರ ತೆಗೆದು, ತೊಳೆದ ಪ್ರತಿ ಇನ್ನೂ ಹಸಿಯಿದ್ದಾಗಲೇ ಅಪ್ಪನಿಗೆ ತೋರಿಸಿದಳು.

"ಎಲ್ಲಿ ಸಿಕ್ತು?" ಅಪ್ಪ ಕೇಳಿದ.

"ಹಳ್ಳದ ಬಾಜು, ಕರಿ ಬಂಡೆ ಮ್ಯಾಲ. ನಿನಗಷ್ಟ ಹೇಳೀನಿ, ಯಾರ ಮುಂದೂ ಅನಬ್ಯಾಡ."

ಮುಂದಿನ ಭಾನುವಾರ ಮಧ್ಯಾಹ್ನ ಅಂಗಳಕ್ಕೆ ಜೀಪು ಬಂತು. ಅಪ್ಪ ತನ್ನ ಗೆಳೆಯರೊಂದಿಗೆ ನಗುತ್ತ ಇಳಿದ. ಜೀಪಿನ ಹಿಂದೆ ಟಾರ್ಪಾಲಿನ ಮೇಲೆ ಆ ಚಿರತೆ ಸತ್ತು ಬಿದ್ದಿತ್ತು. ನಾನು ಮುಟ್ಟಿ ನೋಡಿದೆ. ಹೊಟ್ಟೆಯ ಕೂದಲು ಅರಳೆಯಷ್ಟು ಮೆತ್ತಗಿತ್ತು.

ಅತ್ತೆ ಬಾಗಿಲಲ್ಲೇ ನಿಂತು, "ಮರಿ ಎಲ್ಲಿ ಅದಾವೋ?" ಎಂದಳು.

ಅಪ್ಪನ ನಗು ನಿಂತಿತು. "ಮರಿ ಇದ್ದೂವೇನು? ನೀ ಹೇಳಲೇ ಇಲ್ಲಲ್ಲ ಅಕ್ಕಾ."

"ಹೇಳಿದ್ದರ ಬಿಡ್ತಿದ್ದೇನು ನೀ?"

ಅತ್ತೆ ಬಾಟಲಿಯಲ್ಲಿ ಹಾಲು ತುಂಬಿಕೊಂಡು ಒಬ್ಬಳೇ ಖಾನಾಪುರದ ಬಸ್ಸು ಹತ್ತಿದಳು.

ಮರುದಿನ ಸಂಜೆ ತಿರುಗಿ ಬಂದಾಗ ಅಪ್ಪ ಗೇಟಿನ ಬಳಿ ಕಾಯುತ್ತಿದ್ದ. "ಸಿಕ್ಕೂವೇನಕ್ಕಾ?" ಎಂದ.

ಅತ್ತೆ ಒಡೆದ ಹಾಲನ್ನು ಅವನ ಕಾಲ ಬಳಿ ಚೆಲ್ಲಿ ಒಳಗೆ ಹೋದಳು.